ಚಾಮರಾಜಪೇಟೆಯ ಐವತ್ತೆಂಟು ಅಡಿ ಗೋಡೆ: ನನ್ನ ಅನುಭವ

ಬೆಂಗಳೂರಿನ ಚಾಮರಾಜಪೇಟೆಯ ಒಂದು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಸುತ್ತಲಿನ 71 ಮನೆಗಳವರು ತಮ್ಮ ಹಳೆಯ ವಠಾರಗಳ ನೆನಪನ್ನು ಒತ್ತಿ ಮಾಡಿದ ಮಣ್ಣಿನ ಬಿಲ್ಲೆಗಳು ಈಗ ಮೂರು ಮಳೆಗಾಲ ಕಂಡಿವೆ. ಸುಮಾರು 700 ಬಿಲ್ಲೆಗಳಲ್ಲಿ ಇದುವರೆಗೆ ಉದುರಿದ್ದು ನಾಲ್ಕು ಮಾತ್ರ. ಗೋಡೆ ಕೆಲಸ ಮಾಡುವ ನಮ್ಮ ಬಳಗದಲ್ಲಿ ಇದು ನಡೆಯುತ್ತದೆಂದು ನಂಬಿದವರು ಇಬ್ಬರೋ ಮೂವರೋ. ಹದಿನೈದು ದಿನದಲ್ಲಿ ಬಣ್ಣ ಬಳಿದು ಮುಗಿಸಬಹುದಾದ ಕೆಲಸವನ್ನು ಏಳು ತಿಂಗಳು ಎಳೆಯುತ್ತೀಯಲ್ಲ ಎಂದು ಬೇಸರಪಟ್ಟುಕೊಂಡಿದ್ದ ಹಿರಿಯ ಕಲಾವಿದರೊಬ್ಬರು ಕಳೆದ ವರ್ಷ ತಮ್ಮ ವಿದ್ಯಾರ್ಥಿಗಳನ್ನು ಕರೆತಂದು ಅದೇ ಗೋಡೆಯ ಮುಂದೆ ಒಂದು ಗಂಟೆ ಪಾಠ ಮಾಡಿದರು. ಅದನ್ನು ಕಂಡ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂದಿತು.

ಮೊದಲು ನಾನೂ ಬಣ್ಣವನ್ನೇ ಬಳಿದಿದ್ದೆ. 2022ರ ಜನವರಿಯಲ್ಲಿ ಅದೇ ಗೋಡೆಗೆ ಪ್ರೈಮರ್ ಹೊಡೆದು, ಎಕ್ಸ್‌ಟೀರಿಯರ್ ಎಮಲ್ಷನ್‌ನಲ್ಲಿ ವಠಾರದ ಒಂದು ಅಂಗಳ, ನಲ್ಲಿ, ಸಾಲಾಗಿ ಇಟ್ಟ ಕೊಡಗಳು, ಹೆಂಚಿನ ಮಾಡು, ಇಷ್ಟನ್ನೂ ಬರೆದೆ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಬುನಾದಿಯ ಕಲ್ಲು ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತಿತ್ತು. ಆ ವರ್ಷ ಬೆಂಗಳೂರಿಗೆ ಸುರಿದ ಮಳೆಯನ್ನು ಯಾರೂ ಮರೆತಿಲ್ಲ. ಅಕ್ಟೋಬರ್ ಹೊತ್ತಿಗೆ ಗೋಡೆ ಉಪ್ಪು ಕಾರಿ, ಕೆಳಗಿನ ಎರಡು ಅಡಿ ಬಣ್ಣ ಹಪ್ಪಳದಂತೆ ಎದ್ದು ಬಂದಿತ್ತು. ಉಳಿದ ಭಾಗದ ಮೇಲೆ ಪಿ.ಜಿ., ಟು-ಲೆಟ್, ಮೂಲವ್ಯಾಧಿ ಚಿಕಿತ್ಸೆಗಳ ಪೋಸ್ಟರ್‌ಗಳು. ನನ್ನ ಕೈಯಿಂದ 28 ಸಾವಿರ ರೂಪಾಯಿ ಹೋಗಿತ್ತು. ಆದರೆ ಹಣಕ್ಕಿಂತ ಹೆಚ್ಚು ನೋವಾಗಿದ್ದು ಬೇರೆಯದಕ್ಕೆ. ಗೋಡೆ ಹಾಳಾದದ್ದನ್ನು ಆ ಬೀದಿಯವರು ಯಾರೂ ಬಂದು ಹೇಳಲಿಲ್ಲ. ಅದು ನನ್ನ ಚಿತ್ರವಾಗಿತ್ತೇ ಹೊರತು ಅವರದಾಗಿರಲಿಲ್ಲ.

2009ರಲ್ಲಿ ಪಾಲಿಕೆಯು ನಗರದ ಗೋಡೆಗಳಿಗೆ ಚಿತ್ರ ಬರೆಸಿದಾಗ ಬ್ರಷ್ ಹಿಡಿದವರು, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರು. ಅಂಥವರೊಬ್ಬರನ್ನು ಸಲಹೆ ಕೇಳಲು ಹೋಗಿದ್ದೆ. "ಬಣ್ಣಕ್ಕೆ ಆಯಸ್ಸು ಕೇಳಬೇಡಿ ಸಾರ್, ಗೋಡೆಗೇ ಅಂಟಿಕೊಂಡು ಹುಟ್ಟಿದ್ದು ಮಾತ್ರ ಉಳಿಯುತ್ತೆ" ಎಂದರು. ಮಣ್ಣಿನ ಕಡೆಗೆ ನನ್ನನ್ನು ತಿರುಗಿಸಿದ್ದು ಈ ಮಾತು.

ಕಥೆ ಸಂಗ್ರಹಿಸುವ ವಿಷಯದಲ್ಲಿ ಆದ ತಪ್ಪನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನೇಕರು ಇದೇ ತಪ್ಪನ್ನು ಮಾಡುತ್ತಿದ್ದಾರೆ. ಮೊದಲ ಹದಿನೆಂಟು ಮನೆಗಳಲ್ಲಿ ನಾನು ಕೇಳಿದ್ದು "ನಿಮ್ಮ ಹಳೇ ಮನೆ ಬಗ್ಗೆ ಹೇಳಿ" ಎಂದು. ಹದಿನೆಂಟು ಕಡೆಯೂ ಬಂದದ್ದು ಒಂದೇ ಉತ್ತರ: ಆಗ ಎಲ್ಲರೂ ಒಂದಾಗಿದ್ದೆವು, ಹಬ್ಬ ಬಂದರೆ ವಠಾರವೇ ಒಂದು ಮನೆಯಾಗುತ್ತಿತ್ತು, ಈಗ ಆ ಕಾಲ ಇಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಗೋಡೆಯ ಮೇಲೆ ಇಡುವುದಕ್ಕೂ ಏನೂ ಇಲ್ಲ. ಹತ್ತೊಂಬತ್ತನೆಯ ಮನೆಯಲ್ಲಿ ಅಜ್ಜಿಯೊಬ್ಬರು ಬಾಗಿಲ ಬೀಗ ಹಾಕಿಕೊಂಡು ಹೊರಡುವುದರಲ್ಲಿದ್ದರು. ಸುಮ್ಮನೆ, "ಅಜ್ಜಿ, ವಠಾರದಲ್ಲಿದ್ದಾಗ ಬೀಗದ ಕೈ ಎಲ್ಲಿ ಇಡ್ತಿದ್ರಿ?" ಎಂದೆ. ಅವರು ಬೀಗವನ್ನು ಹಾಗೆಯೇ ಬಿಟ್ಟು ಜಗಲಿಯ ಮೇಲೆ ಕುಳಿತರು. ಕೈ ಇಡುತ್ತಿದ್ದದ್ದು ಪಕ್ಕದ ಮನೆಯ ತುಳಸಿ ಕಟ್ಟೆಯ ಗೂಡಿನಲ್ಲಿ. ಆ ಪಕ್ಕದ ಮನೆಯವರು ತಮಿಳರು. ಅವರ ಹುಡುಗ ಒಮ್ಮೆ ಆ ಕೈ ತೆಗೆದುಕೊಂಡು ಹೋಗಿ ಬಾಗಿಲು ತೆರೆದು, ಜ್ವರ ಬಂದು ಮಲಗಿದ್ದ ಇವರ ಗಂಡನಿಗೆ ಗಂಜಿ ಕುಡಿಸಿದ್ದ. ಕೈ ಇನ್ನೂ ಇದೆಯೇ ಎಂದು ಕೇಳಿದೆ. ಒಳಗೆ ಹೋಗಿ ತಂದರು. ಬೀಗ ಇಲ್ಲ, ಬಾಗಿಲಿಲ್ಲ, ಆ ಮನೆಯಿದ್ದ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡವಿದೆ, ಕೈ ಮಾತ್ರ ಅರಿಶಿನ ಕುಂಕುಮದ ಡಬ್ಬಿಯಲ್ಲಿತ್ತು.

ಅಂದಿನಿಂದ ಮನೆಯ ಬಗ್ಗೆ ಕೇಳುವುದನ್ನೇ ಬಿಟ್ಟೆ. ಬೀಗದ ಕೈ ಎಲ್ಲಿಡುತ್ತಿದ್ದಿರಿ, ನಲ್ಲಿಯಲ್ಲಿ ನಿಮ್ಮ ಸರದಿ ಎಷ್ಟು ಗಂಟೆಗೆ, ಮಳೆ ಬಂದರೆ ಸೋರುವ ಜಾಗಕ್ಕೆ ಯಾವ ಪಾತ್ರೆ ಇಡುತ್ತಿದ್ದಿರಿ, ಇಂಥ ಐದು ಪ್ರಶ್ನೆಗಳಷ್ಟೇ. ಇನ್ನೆರಡು ಪ್ರಶ್ನೆಗಳಿವೆ, ಅವು ಇನ್ನೊಂದು ಗೋಡೆಗೆ ಬೇಕಾಗಿರುವುದರಿಂದ ಇಲ್ಲಿ ಬರೆಯುತ್ತಿಲ್ಲ. ನಲ್ಲಿಯ ಪ್ರಶ್ನೆಗಂತೂ ಯಾವ ಮನೆಯಲ್ಲೂ ಅರ್ಧ ಗಂಟೆಗೆ ಕಡಿಮೆ ಉತ್ತರ ಬರಲಿಲ್ಲ. ಊರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಇಲ್ಲಿನ ಹಿರಿಯರು ವರ್ಷ ಹೇಳುವುದಿಲ್ಲ, "ಕಾವೇರಿ ಬರೋದಕ್ಕೆ ಮುಂಚೆ", "ಕಾವೇರಿ ಬಂದ ಮೇಲೆ" ಎನ್ನುತ್ತಾರೆ. ಹೀಗಾಗಿ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ತಿಳಿಯುತ್ತಿತ್ತು. ಗೋಡೆಯ ಮೇಲೂ ಎಡದಿಂದ ಬಲಕ್ಕೆ ಬಿಲ್ಲೆಗಳನ್ನು ಅದೇ ಕ್ರಮದಲ್ಲಿ ಕೂರಿಸಿದ್ದೇನೆ.

ಪ್ರತಿ ಉತ್ತರದ ಹಿಂದೆ ಒಂದು ವಸ್ತು ಸಿಗುತ್ತಿತ್ತು, ಆ ವಸ್ತುವನ್ನು ಮನೆಯವರೇ ಹಸಿ ಮಣ್ಣಿನ ಬಿಲ್ಲೆಗೆ ಒತ್ತುತ್ತಿದ್ದರು. ನಾನು ಚಿತ್ರ ಬರೆಯಲಿಲ್ಲ. ಶಾವಿಗೆ ಒರಳಿನ ಅಚ್ಚು, ಗುಳಿ ಪಡ್ಡಿನ ಕಾವಲಿಯ ತಳ, ಸೀಮೆಎಣ್ಣೆ ಸ್ಟೌವಿನ ಬರ್ನರ್, ಬಾಗಿಲ ಚಿಲಕ, ಶೇರ್ವಾನಿಯ ಗುಂಡಿ, ಮಗುವಿನ ಬೆಳ್ಳಿ ಕಾಲ್ಗಡಗ, ಹೊಲಿಗೆ ಯಂತ್ರದ ಚಕ್ರ, ಎಲ್ಲವೂ ಬಂದವು. ಮನೆಗೆ ಏಳೆಂಟು ಬಿಲ್ಲೆಯಂತೆ 500ಕ್ಕೂ ಮಿಕ್ಕು ಆಯಿತು, ಉಳಿದದ್ದು ನಡುವೆ ಉಸಿರಾಡಲೆಂದು ಇಟ್ಟ ಸಾದಾ ಬಿಲ್ಲೆ.

ಸ್ಟೀಲ್ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ ಹೆಸರುಗಳು ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದವು, ಹೆಚ್ಚು ಕಾಡಿಸಿದ್ದೂ ಅವೇ. ಮದುವೆಗೆ ಯಾರು ಕೊಟ್ಟರು, ಯಾವ ತಾರೀಖು ಎಂಬುದೆಲ್ಲ ಆ ಚುಕ್ಕಿಗಳಲ್ಲಿರುತ್ತದೆ. ಪಾತ್ರೆಯನ್ನು ನೇರವಾಗಿ ಮಣ್ಣಿಗೆ ಒತ್ತಿದರೆ ಅಕ್ಷರಗಳು ಉಬ್ಬಿ ಬರುತ್ತವೆ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತವೆ. ಮೊದಲ ಮೂವತ್ತು ಬಿಲ್ಲೆ ಹಾಗೆಯೇ ಸುಟ್ಟೆವು. ಒಬ್ಬ ಅಮ್ಮ ತಮ್ಮ ತಾಯಿಯ ಹೆಸರು ತಿರುಗಾಮುರುಗಾ ಆದದ್ದನ್ನು ಕಂಡು ಕಣ್ಣೀರು ಹಾಕಿದರು. ಅವೆಲ್ಲವನ್ನೂ ಪಕ್ಕಕ್ಕಿಟ್ಟು ದಾರಿ ಹುಡುಕಿದೆ: ಪಾತ್ರೆಯನ್ನು ಅಂಗೈಯಗಲದ ಮಣ್ಣಿನ ತುಂಡಿಗೆ ಒತ್ತಿ, ಆ ತುಂಡನ್ನು ಸುಟ್ಟು, ಅದನ್ನೇ ಅಚ್ಚು ಮಾಡಿಕೊಂಡು ಬಿಲ್ಲೆಗೆ ಒತ್ತಿದರೆ ಅಕ್ಷರ ನೆಟ್ಟಗೆ ಕೂರುತ್ತದೆ, ಚುಕ್ಕಿಗಳೂ ಪಾತ್ರೆಯಲ್ಲಿದ್ದಂತೆ ತಗ್ಗಾಗಿಯೇ ಬರುತ್ತವೆ. ಒಂದು ಸುಡುವಿಕೆ ಹೆಚ್ಚಾದರೂ ಪರವಾಗಿಲ್ಲ. ಲೋಹ ಮಣ್ಣಿಗೆ ಅಂಟದಿರಲು ಏನು ಸವರಬೇಕೆಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಎಣ್ಣೆ ಬೇಡ, ಕಲೆ ಉಳಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ಸುಡುವ ಕೆಲಸ ನಡೆದದ್ದು ಪಾಟರಿ ಟೌನಿನಲ್ಲಿ, ಕುಂಬಾರರ ಒಂದು ಕುಟುಂಬದ ನೆರವಿನಿಂದ. ಗೌರಿ ಗಣೇಶ ಹಬ್ಬದ ತಯಾರಿಯಿಂದ ದೀಪಾವಳಿಯವರೆಗೆ ಅವರ ಬಳಿ ಹೋಗಿ ಪ್ರಯೋಜನವಿಲ್ಲ. ಮೊದಲು ಗಣಪತಿ, ಆಮೇಲೆ ಹಣತೆ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನಾನು ಪ್ರಯೋಗ ಆರಂಭಿಸಿದ್ದು 2022ರ ನವೆಂಬರ್ ಕೊನೆಗೆ. ಮೊದಲ ಒಲೆಯಲ್ಲಿ 140 ಬಿಲ್ಲೆ ಇಟ್ಟೆವು, ಸರಿಯಾಗಿ ಹೊರಬಂದದ್ದು ಐವತ್ತು ಚಿಲ್ಲರೆ. ಒಂದೂವರೆ ಇಂಚು ದಪ್ಪ ಮಾಡಿದ್ದೆ, ಒಳಗೆ ತೇವ ಉಳಿದಿತ್ತು, ಒಲೆ ಕಾದೊಡನೆ ಒಂದೊಂದೇ ಸಿಡಿದವು. ಯಜಮಾನರು ಹೊರಗೆ ಕುಳಿತು ಆ ಸದ್ದನ್ನು ಎಣಿಸುತ್ತಿದ್ದರು. ಮುಂದೆ ದಪ್ಪವನ್ನು ಮುಕ್ಕಾಲು ಇಂಚಿಗೆ ಇಳಿಸಿ, ಮಣ್ಣಿಗೆ ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿ, ಹಿಂಭಾಗದಲ್ಲಿ ಬಾಚಣಿಗೆಯಿಂದ ಗೆರೆ ಎಳೆದೆವು. ಸುರ್ಕಿಯ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬದಲಾಗುವುದರಿಂದ ಅವರವರೇ ಕಂಡುಕೊಳ್ಳಬೇಕು.

ಎರಡನೆಯ ಪೆಟ್ಟು ಬಿದ್ದದ್ದು ಒಲೆಯಲ್ಲಲ್ಲ, ಕಪಾಟಿನಲ್ಲಿ. ಚೆನ್ನಾಗಿ ಸುಟ್ಟು ಜೋಡಿಸಿಟ್ಟಿದ್ದ ಬಿಲ್ಲೆಗಳ ಮೇಲೆ ಎರಡು ಮೂರು ವಾರದ ನಂತರ ಕಡಲೆಕಾಳಿನಷ್ಟು ಚಕ್ಕೆ ಎದ್ದು, ನಡುವೆ ಬಿಳಿ ಚುಕ್ಕಿ ಕಾಣಿಸತೊಡಗಿತು. ಕೆರೆ ಮಣ್ಣಿನಲ್ಲಿದ್ದ ಬಸವನಹುಳುವಿನ ಚಿಪ್ಪಿನ ಚೂರುಗಳು ಬೆಂಕಿಯಲ್ಲಿ ಸುಣ್ಣವಾಗಿ, ಗಾಳಿಯ ತೇವ ಕುಡಿದು ಉಬ್ಬಿ, ಮೇಲಿನ ಮಣ್ಣನ್ನು ಎತ್ತಿ ಹಾಕುತ್ತಿದ್ದವು. ನೂರಕ್ಕೂ ಹೆಚ್ಚು ಬಿಲ್ಲೆ ಹೀಗೆ ಹಾಳಾದವು. ಮಣ್ಣನ್ನು ನೀರಿನಲ್ಲಿ ಕರಗಿಸಿ ಸಣ್ಣ ಜರಡಿಯಲ್ಲಿ ಸೋಸಿದ ಮೇಲೆ ಈ ಕಾಟ ಹೆಚ್ಚುಕಡಿಮೆ ನಿಂತಿತು. ಅದಕ್ಕೂ ಮೀರಿ ಉಳಿದಿದ್ದರೆ ಒಲೆಯಿಂದ ತೆಗೆದ ಬಿಲ್ಲೆಯನ್ನು ನೀರಿನಲ್ಲಿ ಮುಳುಗಿಸಿಡಬೇಕೆಂದು ಯಜಮಾನರು ತೋರಿಸಿಕೊಟ್ಟರು. ಇದನ್ನು ಅವರು ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಸಾಗಣೆಯೂ ಒಂದು ಪಾಠ. ಪೂರ್ತಿ ಒಣಗಿದ, ಇನ್ನೂ ಸುಡದ ಬಿಲ್ಲೆಗಳನ್ನು ಆಟೋದಲ್ಲಿ ಒಲೆಗೆ ಒಯ್ದಾಗ ರೋಡ್ ಹಂಪುಗಳಿಗೆ ಮೂಲೆಗಳೆಲ್ಲ ಉದುರಿದವು. ಅರ್ಧ ಒಣಗಿ ಚರ್ಮದ ಹದಕ್ಕೆ ಬಂದಾಗಲೇ ಹಲಗೆಯ ಸಮೇತ ಸಾಗಿಸಿ, ಒಲೆಯ ಬಳಿಯೇ ಒಣಗಿಸಬೇಕು.

ನಡುವೆ ಒಂದೆರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. ಸುಟ್ಟ ಬಿಲ್ಲೆಯನ್ನು ಹಾಲಿನಲ್ಲಿ ಅದ್ದಿ ಮತ್ತೆ ಕಾಯಿಸಿದರೆ ಬೆಲ್ಲದ ಪಾಕದಂಥ ಕಂದು ಬಣ್ಣ ಬರುತ್ತದೆ, ಮನೆಯೊಳಗೆ ಇಡುವುದಾದರೆ ಬಲು ಸೊಗಸು. ಹೊರಗೆ ಆರು ತಿಂಗಳಲ್ಲಿ ಬೂಷ್ಟು ಹಿಡಿಯಿತು. ಹಳೆಯ ಮನೆಗಳ ಕೆಂಪು ನೆಲದ ನೆನಪಿಗಾಗಿ ಗೋಡೆಯ ಮೇಲೆಯೇ ರೆಡ್ ಆಕ್ಸೈಡ್ ಗಾರೆಯ ಪಟ್ಟಿಯೊಂದನ್ನು ಕರಣೆಯಲ್ಲಿ ತೀಡಿಸಿದೆ. ಅದು ಬಿರುಕು ಬಿಟ್ಟಿತು, ಆದರೂ ಒಂದು ಗಜ ಉಳಿಸಿಕೊಂಡಿದ್ದೇನೆ. ಶಾಲೆಯ ಮಕ್ಕಳು ಓಡಾಡುವಾಗ ಅದರ ನುಣುಪನ್ನು ಸವರಿಕೊಂಡೇ ಹೋಗುತ್ತಾರೆ.

ಅಂಟಿಸುವ ಮೊದಲು ಹಳೆಯ ಗಾರೆಯನ್ನೆಲ್ಲ ಕೆತ್ತಿಸಿ, ಹೊಸದಾಗಿ ಮೆತ್ತಿಸಿ, ಮೂರು ವಾರ ಬಿಟ್ಟೆವು. ಬಿಲ್ಲೆಗಳ ಪಟ್ಟಿಯನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಆರಂಭಿಸಿದೆವು. ತೇವದ ಬಹುಪಾಲು ಅಷ್ಟರೊಳಗೇ ಆರಿಹೋಗುತ್ತದೆ. ಅಂಟಿಸಿದ ಮೇಲೆ ಒಂದು ಮೂಲೆಗೆ ವಾರ್ನಿಷ್‌ನಂತೆ ಹೊಳೆಯುವ ಕ್ಲಿಯರ್ ಕೋಟ್ ಹೊಡೆದು ನೋಡಿದೆ, ಮೊದಲ ಮಳೆಗೇ ಹಾಲಿನ ಕೆನೆಯಂತೆ ಬೆಳ್ಳಗಾಯಿತು. ಉಳಿದದ್ದಕ್ಕೆಲ್ಲ ಸಿಲೇನ್ ಎಂಬ ರಾಸಾಯನಿಕ ಸೇರಿದ, ಹೊಳಪಿಲ್ಲದ ನೀರುನಿರೋಧಕವನ್ನೇ ಎರಡು ಸಲ ಕುಡಿಸಿದೆವು. ಮಣ್ಣು ಉಸಿರಾಡುತ್ತದೆ, ನೀರು ಒಳಗೆ ಹೋಗುವುದಿಲ್ಲ.

ಗೋಡೆಗೆ ಯಾರಾದರೂ ಮೂತ್ರ ಮಾಡುತ್ತಾರೆ, ನಡುನಡುವೆ ದೇವರ ಟೈಲ್ಸ್ ಹಾಕಿಬಿಡಿ ಎಂದು ಸಲಹೆ ಕೊಟ್ಟವರು ಬಹಳ. ನಾನು ಒಪ್ಪಲಿಲ್ಲ. ಇಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು, ಮರಾಠಿ ಮಾತನಾಡುವ ಮನೆಗಳಿವೆ, ಅವರವರ ಬೀಗದ ಕೈ ಮತ್ತು ಪಾತ್ರೆಗಳಿಗೆ ಅಷ್ಟೇ ಮರ್ಯಾದೆ ಸಿಗಬೇಕೆಂಬುದು ನನ್ನ ಹಟವಾಗಿತ್ತು. ಮೂರು ವರ್ಷದಲ್ಲಿ ಗೋಡೆ ಒದ್ದೆಯಾದದ್ದು ಮಳೆಗೆ ಮಾತ್ರ. ತಮ್ಮ ಅತ್ತೆಯ ಹೆಸರಿರುವ ಜಾಗದಲ್ಲಿ ನಿಲ್ಲಲು ಬಂದವರನ್ನು ಎದುರು ಮನೆಯವರೇ ಓಡಿಸುತ್ತಾರೆ. ಬಿಲ್ಲೆಯ ಮೇಲಿನ ಏರುತಗ್ಗು ಕಾಲಿಂಚಿನಷ್ಟಿರುವುದರಿಂದ ಮೈದಾ ಅಂಟಿನ ಪೋಸ್ಟರ್ ನಿಲ್ಲುವುದೇ ಇಲ್ಲ. ಇದನ್ನು ನಾನು ಮೊದಲೇ ಲೆಕ್ಕ ಹಾಕಿದ್ದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಹಣದ ಮಾತು. ಪಟ್ಟಿ 58 ಅಡಿ ಉದ್ದ, 3 ಅಡಿ ಎತ್ತರ, ಅಂದರೆ 174 ಚದರ ಅಡಿ. ನೆನಪಿನಿಂದ ಹೇಳುವುದಾದರೆ ಮಣ್ಣು ಎರಡು ಲೋಡಿಗೆ 14 ಸಾವಿರ, ಏಳು ಸಲ ಸುಡಲು ಸೌದೆಗೆ 35 ಸಾವಿರ, ಕುಂಬಾರ ಕುಟುಂಬದ ಕೂಲಿ 40 ಸಾವಿರ, ಗಾರೆ ಕೆಲಸದವರು ಹನ್ನೊಂದು ದಿನಕ್ಕೆ 44 ಸಾವಿರ, ಗೋಡೆ ಮೆತ್ತಿಸಲು 10 ಸಾವಿರ, ಟೈಲ್ಸ್ ಅಂಟಿಗೆ 6 ಸಾವಿರ, ನೀರುನಿರೋಧಕಕ್ಕೆ ನಾಲ್ಕೂವರೆ, ಆಟೋ ಸಾಗಣೆ 12 ಸಾವಿರ, ಕಾಫಿ ತಿಂಡಿಗೆ 9 ಸಾವಿರ. ಒಟ್ಟು ಒಂದು ಲಕ್ಷ 75 ಸಾವಿರದ ಆಸುಪಾಸು, ಚದರ ಅಡಿಗೆ ಸುಮಾರು ಒಂದು ಸಾವಿರ. ನನ್ನ ಸಂಬಳ ಇದರಲ್ಲಿಲ್ಲ. ಒಂದು ಕಂಪನಿಯವರು ಪೂರ್ತಿ ಹಣ ಕೊಡಲು ಮುಂದೆ ಬಂದಿದ್ದರು, ಗೋಡೆಯ ನಟ್ಟನಡುವೆ ನಾಲ್ಕು ಅಡಿಯ ಲೋಗೋ ಕೇಳಿದ್ದರಿಂದ ಬೇಡವೆಂದೆ. ಅದಕ್ಕಾಗಿ ಎರಡು ತಿಂಗಳು ಕೆಲಸ ನಿಂತಿತು, ನನ್ನ ಸ್ಕೂಟರ್ ಮಾರಬೇಕಾಯಿತು. ಆಮೇಲೆ ಮನೆಗೆ 500 ರೂಪಾಯಿಯಂತೆ ಸೇರಿಸಿದ್ದು 30 ಸಾವಿರ ದಾಟಿತು, ಉಳಿದದ್ದನ್ನು ಶಾಲೆಯ ಹಳೆಯ ವಿದ್ಯಾರ್ಥಿಗಳು ಮತ್ತು ನಾನು ಹಂಚಿಕೊಂಡೆವು. ಮೊದಲು ಉಚಿತವೆಂದಾಗ ಬಿಲ್ಲೆ ಒತ್ತಲು ಬರುವೆನೆಂದವರಲ್ಲಿ ಅರ್ಧ ಜನ ಬರುತ್ತಿರಲಿಲ್ಲ. 500 ಕೊಟ್ಟವರು ಒಬ್ಬರೂ ತಪ್ಪಿಸಲಿಲ್ಲ.

ಬಲ ತುದಿಯಲ್ಲಿ ಹನ್ನೆರಡು ಜಾಗಗಳನ್ನು ಖಾಲಿ ಬಿಟ್ಟಿದ್ದೆ. ಊರು ಬಿಟ್ಟು ಹೋದವರ ಪೈಕಿ ಐದು ಮನೆಯವರು ಇದುವರೆಗೆ ಹುಡುಕಿಕೊಂಡು ಬಂದಿದ್ದಾರೆ. ಕಳೆದ ತಿಂಗಳು ಯಲಹಂಕದಿಂದ ಬಂದವರೊಬ್ಬರು ಎಡಗಡೆಯ ಆ ಬೀಗದ ಕೈಯ ಬಿಲ್ಲೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಗಂಜಿ ಕುಡಿಸಿದ ಹುಡುಗ ತಾನೇ ಎಂದರು. ಅವರನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಅವರ ಮನೆಯ ತುಳಸಿ ಕಟ್ಟೆಯ ಒಂದು ಇಟ್ಟಿಗೆಯನ್ನು ಅವರ ತಂಗಿ ಇಟ್ಟುಕೊಂಡಿದ್ದಾರಂತೆ, ಅದನ್ನು ಒತ್ತಲು ಮುಂದಿನ ಭಾನುವಾರ ಬರುತ್ತಿದ್ದಾರೆ, ಮಣ್ಣು ಕಲಸಿಟ್ಟಿದ್ದೇನೆ.