ನಿಮ್ಮ ರಾಜಕೀಯ ಅಭಿಪ್ರಾಯ ಎಲ್ಲಿಂದ ಬಂತು? ಹೀಗೆ ಹುಡುಕಿ

ಯಾವುದೋ ದೇಶದ ಸುದ್ದಿ ಓದಿದ ತಕ್ಷಣ ಸಿಟ್ಟೋ ಹೆಮ್ಮೆಯೋ ಉಕ್ಕಿತಾ? ಅಲ್ಲೇ ಸ್ವಲ್ಪ ನಿಲ್ಲಿ. ಎಷ್ಟೋ ಸಲ ಭಾವನೆ ಮೊದಲು ಬರುತ್ತದೆ, ಕಾರಣಗಳನ್ನು ಆಮೇಲೆ ಹುಡುಕುತ್ತೇವೆ.

ಹೆಸರು ಬದಲಿಸಿ ನೋಡಿ. ಇದೇ ಕೆಲಸವನ್ನು ನನ್ನ ದೇಶ ಅಥವಾ ನನ್ನ ಪಕ್ಷ ಮಾಡಿದ್ದರೆ ಏನನ್ನುತ್ತಿದ್ದೆ? ಉತ್ತರ ಬದಲಾದರೆ ನೀವು ತೂಗುತ್ತಿರುವುದು ಕೆಲಸವನ್ನಲ್ಲ, ಗುಂಪನ್ನು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಗುಂಪಿನ ಸೆಳೆತ ಅಷ್ಟು ಜೋರು. 1970ರ ಹೊತ್ತಿಗೆ ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು, ಇಬ್ಬರು ಚಿತ್ರಕಾರರಲ್ಲಿ ಯಾರು ಇಷ್ಟ ಎಂಬ ನೆಪದಲ್ಲಿ, ಸುಮ್ನೆ ಎರಡು ಗುಂಪು ಮಾಡಿದರು. ಹಣ ಹಂಚುವಾಗ ಹುಡುಗರು ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಎದುರು ಗುಂಪಿಗಿಂತ ಮುಂದಿರಲು ತಮ್ಮವರಿಗೆ ಒಟ್ಟಾರೆ ಕಡಿಮೆ ಸಿಗುವ ಆಯ್ಕೆಯನ್ನೂ ಎಷ್ಟೋ ಸಲ ಒಪ್ಪಿಕೊಂಡರು! ಇನ್ನು ಬಾವುಟ, ಭಾಷೆ, ಹಳೆಯ ಯುದ್ಧದ ನೆನಪು ಸೇರಿದರೆ ಹೇಗಿರಬೇಡ?

ಆಮೇಲೆ ಕಲಿತದ್ದನ್ನು ಪರೀಕ್ಷಿಸಿ. ನೀವು ಶಾಲೆಯಲ್ಲಿ ಓದಿದ ಯುದ್ಧವನ್ನೇ ಎದುರಿನ ದೇಶದ ಮಕ್ಕಳು ಹೇಗೆ ಓದುತ್ತಾರೆ ಎಂದು ತಿಳಿದುಕೊಳ್ಳಿ. ಒಪ್ಪಬೇಕಿಲ್ಲ, ಅವರಿಗೆ ಯಾವುದು ಗಾಯ ಎಂದು ಗೊತ್ತಾದರೆ ಸಾಕು.

ಮಾತಾಡುವಾಗ 'ಆ ದೇಶದವರು' ಅನ್ನಬೇಡಿ. ಸರ್ಕಾರ ಮಾಡಿದ್ದಾದರೆ ಸರ್ಕಾರ ಅನ್ನಿ.