ಸಿಮೆಂಟ್ ಇಲ್ಲದ ಹಿಪ್ ಕೀಲು: ಕೋಟಿಂಗ್ ಬಗ್ಗೆ ಡಾಕ್ಟರನ್ನು ಏನು ಕೇಳಬೇಕು

ಹಿಪ್ ರಿಪ್ಲೇಸ್‌ಮೆಂಟ್ ಅಂದ ಕೂಡಲೇ ನಾವೆಲ್ಲ ವಿಚಾರಿಸುವುದು ಎರಡೇ: ಖರ್ಚು ಎಷ್ಟು, ಕಂಪನಿ ಯಾವುದು. ಡಾಕ್ಟರ್ "ಅನ್‌ಸಿಮೆಂಟೆಡ್ ಹಾಕ್ತೀವಿ" ಅಂದರೆ ಸುಮ್ನೆ ತಲೆಯಾಡಿಸಿ ಬಂದುಬಿಡುತ್ತೇವೆ. ಅಲ್ಲೇ ಒಂದು ನಿಮಿಷ ನಿಂತು ಕೋಟಿಂಗ್ ಯಾವುದು ಅಂತ ಕೇಳಿ. ಕೀಲನ್ನು ಮೂಳೆಗೆ ಹಿಡಿಸುವ ಸಿಮೆಂಟ್ ಇಲ್ಲ ಅಂದಮೇಲೆ ತೊಡೆ ಮೂಳೆಯೊಳಗೆ ಇಳಿಸುವ ಲೋಹದ ಕಡ್ಡಿಯನ್ನು, ಅಂದರೆ ಸ್ಟೆಮ್ಮನ್ನು, ವರ್ಷಗಟ್ಟಲೆ ಹಿಡಿದಿಡಬೇಕಾದದ್ದು ನಿಮ್ಮದೇ ಮೂಳೆ, ಅಲ್ವಾ?

ಕೋಟಿಂಗ್ ಅಂದರೆ ಪೇಂಟ್ ಅಲ್ಲ. ನುಣುಪಾದ ಪಿಲ್ಲರ್ ಮೇಲೆ ಗಾರೆ ನಿಲ್ಲುವುದಿಲ್ಲ ಅಂತ ಮೇಸ್ತ್ರಿ ಮೊದಲು ಉಳಿಯಲ್ಲಿ ಹೊಡೆದು ಒರಟು ಮಾಡುತ್ತಾನಲ್ಲ, ಹಾಗೆ. ಕೆಲವು ಟೈಟಾನಿಯಂ ಸ್ಟೆಮ್‌ಗಳಿಗೆ ಬರೀ ಒರಟು ಮೈ ಇರುತ್ತದೆ, ಮೂಳೆ ಅದರ ಮೇಲೆ ಬೆಳೆಯುತ್ತದೆ. ಪೋರಸ್ ಅಂದರೆ ಸಣ್ಣ ತೂತುಗಳಿರುವ ಪದರ: ಕರಗಿದ ಟೈಟಾನಿಯಂ ಪುಡಿಯನ್ನು ಪ್ಲಾಸ್ಮಾ ಸ್ಪ್ರೇ ಮಾಡಿಯೋ, ಲೋಹದ ಪುಟ್ಟ ಮಣಿಗಳನ್ನು ಬಿಸಿಯಲ್ಲಿ ಬೆಸೆದೋ ಮಾಡುತ್ತಾರೆ. ತೂತು ಸುಮಾರು 100ರಿಂದ 400 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಇದ್ದರೆ ಮೂಳೆ ಒಳಗೇ ನುಗ್ಗಿ ಬೆಳೆಯುತ್ತದೆ.

ಇನ್ನೊಂದು ಎಚ್‌ಎ, ಅಂದರೆ ಹೈಡ್ರಾಕ್ಸಿಅಪಟೈಟ್. ನಮ್ಮ ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್‌ನ ಹತ್ತಿರದ ನೆಂಟ. 1985ರಲ್ಲಿ ಲಂಡನ್ನಿನಲ್ಲಿ ಫರ್ಲಾಂಗ್ ಅನ್ನುವ ಸರ್ಜನ್ ಎಚ್‌ಎ ಹಚ್ಚಿದ ಸ್ಟೆಮ್ ಹಾಕಿದರು, ಮರುವರ್ಷ ಫ್ರಾನ್ಸಿನಲ್ಲಿ ಕೊರೈಲ್ ಅನ್ನುವ ಎಚ್‌ಎ ಸ್ಟೆಮ್ ಶುರುವಾಯಿತು, ಅದು ಈಗಲೂ ಬಳಕೆಯಲ್ಲಿದೆ. ಎಚ್‌ಎ ನಿಧಾನವಾಗಿ ಕರಗುತ್ತದೆ ಅಂತ ಕೇಳಿ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅಷ್ಟರಲ್ಲಿ ಮೂಳೆ ಕೆಳಗಿನ ಒರಟು ಲೋಹವನ್ನು ಹಿಡಿದಿರಬೇಕು, ಲೆಕ್ಕವೇ ಅದು. ಹಾಗಂತ ದಪ್ಪ ಜಾಸ್ತಿಯಾದಷ್ಟೂ ಒಳ್ಳೆಯದಲ್ಲ, ಎಚ್‌ಎ ಬಹಳ ದಪ್ಪವಾದರೆ ಚಕ್ಕೆ ಏಳಬಹುದು. ಅದಕ್ಕೇ "ಎಚ್‌ಎ ಇದೆಯಾ" ಅಂತಷ್ಟೇ ಕೇಳಬೇಡಿ, "ಅದರ ಕೆಳಗೆ ಏನಿದೆ, ಸ್ಟೆಮ್ ಪೂರ್ತಿ ಇದೆಯಾ, ಮೇಲ್ಭಾಗಕ್ಕೆ ಮಾತ್ರವಾ" ಅಂತಲೂ ಕೇಳಿ.

ಆದರೆ ಎಂಥ ಕೋಟಿಂಗ್ ಇದ್ದರೂ ಮೊದಲ ದಿನವೇ ಸ್ಟೆಮ್ ಬಿಗಿಯಾಗಿ ಕೂತಿರಬೇಕು. ಅದಕ್ಕೇ ಮೂಳೆಯಲ್ಲಿ ಜಾಗವನ್ನು ಸ್ವಲ್ಪ ಚಿಕ್ಕದಾಗಿಯೇ ಕೊರೆದು ಸ್ಟೆಮ್ಮನ್ನು ಹೊಡೆದು ಕೂರಿಸುತ್ತಾರೆ. ಸುಮಾರು 50 ಮೈಕ್ರಾನ್ ಒಳಗೆ ಅಲುಗಾಡಿದರೆ ಮೂಳೆ ಬೆಳೆಯುತ್ತದೆ, 150 ದಾಟಿದರೆ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದು ಕೀಲು ಸಡಿಲವಾಗುತ್ತದೆ, ನೋವು ಶುರು. ಕೂದಲೆಳೆಯ ಲೆಕ್ಕ ಇದು! ಹಾಗಾಗಿ ಮೊದಲ 6ರಿಂದ 12 ವಾರ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ನಿಮ್ಮ ಸರ್ಜನ್‌ರನ್ನೇ ಕೇಳಿ, ಪಕ್ಕದ ಮನೆಯವರು ವಾರಕ್ಕೇ ವಾಕರ್ ಬಿಟ್ಟರು ಅಂತ ನೀವೂ ಬಿಡಬೇಡಿ. ಸಿಗರೇಟ್ ಇದ್ದರೆ ಆಪರೇಷನ್‌ಗೆ ಮುಂಚೆಯೇ ನಿಲ್ಲಿಸಿ, ಹೊಗೆ ಮೂಳೆ ಬೆಳೆಯುವುದನ್ನು ನಿಧಾನ ಮಾಡುತ್ತದೆ.

80 ದಾಟಿದ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದಿದ್ದರೆ ಡಾಕ್ಟರ್ ಸಿಮೆಂಟೇ ಹಾಕೋಣ ಅನ್ನಬಹುದು. ಅದನ್ನು ಹಳೇ ಕಾಲದ್ದು, ಅಗ್ಗದ್ದು ಅಂದುಕೊಳ್ಳಬೇಡಿ. ಸವೆದ ಮೂಳೆಗೆ ಸ್ಟೆಮ್ ಹೊಡೆದು ಕೂರಿಸಿದರೆ ಮೂಳೆ ಬಿರಿಯುವ ಅಪಾಯ ಜಾಸ್ತಿ.

ಡಿಸ್ಚಾರ್ಜ್ ದಿನ ಮರೆಯದೆ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್‌ಗಳನ್ನು ಕೇಳಿ ಪಡೆಯಿರಿ, ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಡಿ. ಮುಂದೆ ಬೇರೆ ಊರಿನಲ್ಲಿ ಕೀಲು ಮತ್ತೆ ಬಿಚ್ಚಬೇಕಾಗಿ ಬಂದರೆ, ಒಳಗಿರುವುದು ಯಾವ ಸ್ಟೆಮ್, ಯಾವ ಅಳತೆ ಅಂತ ಆ ಸರ್ಜನ್ ಮೊದಲು ಕೇಳುವುದು ಅದನ್ನೇ.