ಎಥಿಕ್ಸ್ ಪೇಪರ್ ನನಗೆ ಒಲಿದದ್ದು ಹೀಗೆ (ನನ್ನ ಅನುಭವ)

ಈ ಸಲ ಯುಪಿಎಸ್‌ಸಿ ಮೇನ್ಸ್‌ನ ಜಿಎಸ್-4ರಲ್ಲಿ (ಸಾಮಾನ್ಯ ಅಧ್ಯಯನದ ನಾಲ್ಕನೇ ಪತ್ರಿಕೆ, ಅಂದರೆ ಎಥಿಕ್ಸ್) ನನಗೆ ನೂರಿಪ್ಪತ್ತರ ಮೇಲೆ ಅಂಕ ಬಂದಿದೆ. ಹಿಂದಿನ ಅಟೆಂಪ್ಟ್‌ಗಳಲ್ಲಿ ಎಂಬತ್ತರ ಆಸುಪಾಸು ಬಿಟ್ಟು ಮೇಲೇರಿರಲಿಲ್ಲ. ಕನ್ನಡದಲ್ಲಿ ಬರೆದರೆ ಎಥಿಕ್ಸ್‌ನಲ್ಲಿ ನೂರು ದಾಟುವುದಿಲ್ಲ ಎಂದು ಧಾರವಾಡದ ಸಪ್ತಾಪುರದ ನಮ್ಮ ರೀಡಿಂಗ್ ರೂಮಿನಲ್ಲಿ ಅರ್ಧ ಜನ ನಂಬಿದ್ದರು. ಊರೂರು ಅಲೆದು ಕೇಸ್ ಸ್ಟಡಿ (ಒಂದು ಪ್ರಕರಣ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳುವ ಪ್ರಶ್ನೆ) ಕಲಿಯುತ್ತೇನೆ ಎಂದಾಗ ತಲೆ ಅಲ್ಲಾಡಿಸಿದವರೂ ಅವರೇ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಿಲೆಬಸ್, ಹಳೇ ಪ್ರಶ್ನೆಪತ್ರಿಕೆ ನಿಮ್ಮ ಹತ್ತಿರ ಇದ್ದೇ ಇರುತ್ತವೆ. ಮೊದಲು ದುಡ್ಡಿನ ಮಾತು. ಬೆಂಗಳೂರಿನ ಒಂದು ಕೋಚಿಂಗ್ ಸೆಂಟರ್‌ನ ಎಥಿಕ್ಸ್ ಮಾಡ್ಯೂಲ್‌ಗೆ ಹದಿನೈದು ಸಾವಿರದಷ್ಟು ಹೋಯಿತು. ಟೆಸ್ಟ್ ಸೀರೀಸ್‌ಗೆ ಮತ್ತೆ ಐದಾರು ಸಾವಿರ. ಪಿಜಿ ಬಾಡಿಗೆ, ಮೆಸ್ಸಿನ ಲೆಕ್ಕ ಬೇರೆ. ಅಷ್ಟೆಲ್ಲ ಆದ ಮೇಲೂ ಕಾಂಟ್, ಬೆಂಥಮ್, ರಾಲ್ಸ್ ಎಂಬ ತತ್ವಜ್ಞಾನಿಗಳ ಹೆಸರು ಚೆನ್ನಾಗಿ ಬಾಯಿಗೆ ಬಂದಿದ್ದವು, ಅಂಕ ಇದ್ದಲ್ಲೇ ಇತ್ತು. ತಿದ್ದಿ ಬಂದ ಉತ್ತರಗಳ ಮೇಲೆ ‘ಇನ್ನಷ್ಟು ಮೌಲ್ಯಗಳನ್ನು ಸೇರಿಸಿ’ ಎಂದಷ್ಟೇ ಬರೆದಿರುತ್ತಿತ್ತು. ಸೇರಿಸಿ ಸೇರಿಸಿ ಉತ್ತರ ಉದ್ದವಾಯಿತೇ ಹೊರತು ಗಟ್ಟಿಯಾಗಲಿಲ್ಲ.

ದಾರಿ ಸಿಕ್ಕಿದ್ದು ನಮ್ಮ ಕಾಕಾ ಅವರಿಂದ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತರಾದವರು. ಪಡಿತರದ ಬಗ್ಗೆ ನಾನು ಬರೆದ ಉತ್ತರ ಓದಲು ಕೊಟ್ಟೆ. ಪ್ರಕರಣ ಇಷ್ಟೆ: ಕೂಲಿ ಮಾಡಿ ಬೆರಳಚ್ಚು ಸವೆದ ಮುದುಕಿ, ನ್ಯಾಯಬೆಲೆ ಅಂಗಡಿಯ ಮಷಿನ್ ಆಕೆಯ ಹೆಬ್ಬೆಟ್ಟು ಒಪ್ಪುತ್ತಿಲ್ಲ. ಅಕ್ಕಿ ಕೊಟ್ಟರೆ ಅಂಗಡಿಯವನ ಸ್ಟಾಕ್ ಲೆಕ್ಕ ಕೂಡುವುದಿಲ್ಲ. ನಾನು ಸಹಾನುಭೂತಿ, ಅಂತಃಕರಣ, ಅತಿ ಬಡವನ ಮುಖ ನೆನೆದು ನಿರ್ಧರಿಸು ಎನ್ನುವ ಗಾಂಧೀಜಿಯ ಮಂತ್ರ ಎಲ್ಲ ಬರೆದಿದ್ದೆ. ಕಾಕಾ ಓದಿ, “ತಮ್ಮಾ, ಬರದದ್ದೆಲ್ಲಾ ಖರೇ ಅದ. ಆದ್ರ ಆ ಮುದುಕಿ ಇವತ್ತ ರಾತ್ರಿ ಏನ್ ಉಣ್ಣಬೇಕು?” ಅಂದರು.

ಅವತ್ತೇ ಕೂತು ಹುಡುಕಿದೆ. ಜಾರ್ಖಂಡ್‌ನ ಸಿಮ್ಡೇಗಾದಲ್ಲಿ ಪಡಿತರ ಸಿಗದೆ ಹಸಿವಿನಿಂದ ಸತ್ತಳು ಎಂದು ಮನೆಯವರು ಹೇಳಿದ ಬಾಲಕಿ ಸಂತೋಷಿ ಕುಮಾರಿಯ ಸಾವಿನ ಮೇಲೆ, 2017ರ ಅಕ್ಟೋಬರ್‌ನಲ್ಲಿ, ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಪತ್ರ ಬರೆದಿದೆ: ಬಯೋಮೆಟ್ರಿಕ್ ಹೊಂದಲಿಲ್ಲ ಎಂದು ಪಡಿತರ ನಿಲ್ಲಿಸಬಾರದು, ಕಾರ್ಡ್ ನೋಡಿ ಕೊಟ್ಟು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ದಾಖಲಿಸಬೇಕು. ಅಂದಮೇಲೆ ಇಲ್ಲಿ ದಯೆ ಒಂದು ಕಡೆ, ನಿಯಮ ಇನ್ನೊಂದು ಕಡೆ ಇಲ್ಲ. ಅಕ್ಕಿ ಇವತ್ತೇ ಕೊಡಿಸು, ರಿಜಿಸ್ಟರ್‌ನಲ್ಲಿ ಬರೆಸಿ ಸಹಿ ಹಾಕಿಸು, ಆಹಾರ ನಿರೀಕ್ಷಕರಿಗೆ ವರದಿ ಕೊಡು, ಆ ಹೆಸರಿನಲ್ಲಿ ಬೇರೆಯವರು ಎತ್ತದಂತೆ ಮುಂದಿನ ತಿಂಗಳು ಮನೆಗೇ ಹೋಗಿ ಪರಿಶೀಲಿಸು. ಉತ್ತರ ಅರ್ಧಕ್ಕೆ ಇಳಿಯಿತು, ತೂಕ ಬಂತು.

ಆಮೇಲೆ ವಾರಕ್ಕೆ ಒಂದೆರಡು ದಿನ ಪಂಚಾಯಿತಿ, ನಾಡಕಚೇರಿ, ಅಂಗನವಾಡಿ ಎಂದು ಹೋಗಿ ಕೂತೆ. ಚಹಾ, ಬಸ್ ಚಾರ್ಜ್, ಎ4 ಹಾಳೆ ಸೇರಿ ಎರಡು ಸಾವಿರ ಆಗಿರಬೇಕು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ನಿದ್ದೆಗೆಡಿಸಿದ ಫೈಲ್ ಯಾವುದು? ಹೆಸರು, ಊರು ಬರೆದುಕೊಳ್ಳುವುದಿಲ್ಲ ಎಂದ ಮೇಲೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಹೆದ್ದಾರಿ ಕಾಮಗಾರಿಯ ಅಕ್ರಮ ಬಯಲಿಗೆಳೆದು ಕೊಲೆಯಾದ ಇಂಜಿನಿಯರ್ ಸತ್ಯೇಂದ್ರ ದುಬೆ, ಷಣ್ಮುಗಂ ಮಂಜುನಾಥ್ ಹೆಸರನ್ನು ಎಲ್ಲರೂ ‘ಧೈರ್ಯ’ದ ಕೆಳಗೆ ಒಂದು ಸಾಲು ಬರೆದು ಮುಗಿಸುತ್ತಾರೆ. ನನಗೆ ಇದು ಸಂಕಟ ತರುತ್ತದೆ. ಮಂಜುನಾಥ್ ಮೈಸೂರಿನ ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಮ್ಮ ಹುಡುಗ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆಯ ಬಂಕ್ ವಿರುದ್ಧ ನಿಂತು 2005ರ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದರು. ನಾನು ಆ ಪ್ರಕರಣವನ್ನು ಮೇಲಧಿಕಾರಿಯ ಕುರ್ಚಿಯಲ್ಲಿ ಕೂತು ಬರೆದೆ: ಇಂಥ ತಪಾಸಣೆಗೆ ಒಬ್ಬನನ್ನೇ ಕಳಿಸಬಹುದೇ? ಬೆದರಿಕೆ ಇದ್ದರೆ ಎಸ್‌ಪಿಗೆ ಪತ್ರ ಬರೆಯಬೇಕಾದವರು ಯಾರು? ಪ್ರಾಮಾಣಿಕನನ್ನು ಉಳಿಸಿಕೊಳ್ಳುವುದು ಮೇಲಿನವನ ನೈತಿಕ ಹೊಣೆ ಎನ್ನುವ ವಾದ ಅಲ್ಲಿಂದ ಹುಟ್ಟಿತು. ಪರೀಕ್ಷೆಯಲ್ಲೂ ಅದೇ ನನ್ನ ಕೈಹಿಡಿಯಿತು.

ನಡುವೆ ಬೇರೆ ಪ್ರಯೋಗಗಳೂ ಆದವು. ರೂಮಿನಲ್ಲಿ ಭಾನುವಾರ ಒಬ್ಬ ಲಂಚ ತೆಗೆದುಕೊಂಡವನ ಪರವಾಗಿಯೇ ಮಾತಾಡಬೇಕು ಎಂದು ಚರ್ಚೆ ಇಟ್ಟೆವು. ಮಗಳ ಆಪರೇಷನ್, ಸಾಲ, ವರ್ಗಾವಣೆಗೆ ಕೊಟ್ಟ ದುಡ್ಡು ಎಲ್ಲ ಹೊರಬಂತು. ಇದು ತುಂಬಾ ಫಲ ಕೊಟ್ಟಿತು. ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವ ಪ್ರಯೋಗ ಮಾತ್ರ ಪೂರಾ ನೆಲಕಚ್ಚಿತು, ಒಂದು ಕೇಸ್‌ಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಪ್ರಶ್ನೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುತ್ತದೆ, ಸರಿ. ಓದುತ್ತಲೇ ಮಾರ್ಜಿನ್‌ನಲ್ಲಿ ಕನ್ನಡದಲ್ಲಿ ಗುರುತು ಹಾಕಿಕೊಳ್ಳಿ: ಯಾರಿಗೆ ನಷ್ಟ, ಎಷ್ಟು ಹೊತ್ತಿನೊಳಗೆ, ನನಗಿರುವ ಅಧಿಕಾರ ಏನು. ಈಗ ಹದಿನಾಲ್ಕು ನಿಮಿಷದೊಳಗೆ ಒಂದು ಕೇಸ್ ಮುಗಿಯುತ್ತದೆ. ಸೆಕ್ಷನ್ ಬಿ ಮೊದಲು ಬರೆಯುತ್ತೇನೆ. ಆರು ಪ್ರಕರಣ, ತಲಾ 20 ಅಂಕ. ಕೈ ಸೋತ ಮೇಲೆ ಅವನ್ನು ಮುಟ್ಟಬಾರದು.

ಮೌಲ್ಯಗಳು ಡಿಕ್ಕಿ ಹೊಡೆದಾಗ ಯಾವುದನ್ನು ಮುಂದೆ ಇಡಬೇಕು ಎನ್ನುವುದಕ್ಕೆ ಒಂದು ಸಣ್ಣ ಕೋಷ್ಟಕ ಮಾಡಿಕೊಂಡಿದ್ದೇನೆ. ಅದನ್ನೂ, ಕೊನೆಯ ಎರಡು ಸಾಲು ಕಟ್ಟುವ ರೀತಿಯನ್ನೂ ಇಲ್ಲಿ ಹೇಳುವುದಿಲ್ಲ. ರ್‍ಯಾಂಕ್ ಸುಧಾರಿಸಿಕೊಳ್ಳಲು ನಾನು ಇನ್ನೊಮ್ಮೆ ಬರೆಯುವವನಿದ್ದೇನೆ.

ಈಗ ಆಸ್ಪತ್ರೆಯ ಪ್ರಕರಣಗಳನ್ನು ಕೂಡಿಸುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್, ಆಂಬುಲೆನ್ಸ್ ಡ್ರೈವರ್ ಆಗಿರುವವರು ನಿಮ್ಮಲ್ಲಿದ್ದರೆ ಅರ್ಧ ಗಂಟೆ ಬಿಡುವು ಮಾಡಿಕೊಡಿ. ಚಹಾ ನನ್ನದು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.